ಓದುಗರ ಪ್ರಶ್ನೆ, ನಮ್ಮ ಉತ್ತರ: ಫೋನಿನ ಕರೆಗೆ ಯಾವ ಸದ್ದು?

ರಿಂಗ್‌ಟೋನ್, ಮೆಸೇಜ್ ಸದ್ದು ಮತ್ತು ಅಲಾರಂಗಳ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಯಾವ ಹಾಡು ಚೆನ್ನ, ಯಾವುದು ಚೆನ್ನಲ್ಲ ಎಂಬುದು ಅವರವರ ಅಭಿರುಚಿಗೆ ಬಿಟ್ಟ ವಿಷಯವಾದ್ದರಿಂದ ಆ ಬಗೆಯ ಪತ್ರಗಳನ್ನು ಇಲ್ಲಿ ಎತ್ತಿಕೊಂಡಿಲ್ಲ. ಇಷ್ಟಪಟ್ಟು ಇಟ್ಟುಕೊಂಡ ಸದ್ದು ಕೆಲಸಕ್ಕೆ ಬಾರದೆ ಹೋದಾಗ ಏನು ಮಾಡಬೇಕು ಎಂದು ಕೇಳಿದ ಪತ್ರಗಳಿಗೆ ಮಾತ್ರ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮಾವನವರಿಗೆ ಎಪ್ಪತ್ತಾರು ವರ್ಷ. ಸಂಗೀತವೆಂದರೆ ಪ್ರಾಣ. ಅವರಿಗೆ ಹೊಸ ಸ್ಮಾರ್ಟ್‌ಫೋನ್ ತಂದಾಗ, ತಂಬೂರಿಯ ಶ್ರುತಿಯಿಂದ ಶುರುವಾಗಿ ಕೊಳಲಿನ ಆಲಾಪನೆ ಬರುವ ತುಣುಕೊಂದನ್ನು ರಿಂಗ್‌ಟೋನ್ ಆಗಿ ಹಾಕಿಕೊಟ್ಟೆ. ಅವರಿಗೂ ಬಹಳ ಹಿಡಿಸಿತು. ಆದರೆ ಅಂದಿನಿಂದ ಬಂದ ಕರೆಗಳಲ್ಲಿ ಅರ್ಧಕ್ಕರ್ಧ ತಪ್ಪಿಹೋಗುತ್ತಿವೆ. ವಾಲ್ಯೂಮ್ ಪೂರ್ತಿ ಏರಿಸಿಯೇ ಇದೆ. ಹಳೆಯ ಕೀಪ್ಯಾಡ್ ಫೋನಿನ ಸದ್ದು ಹಿತ್ತಿಲಿನವರೆಗೂ ಕೇಳಿಸುತ್ತಿತ್ತು. ಇದೇಕೆ ಹೀಗೆ?
— ಗೃಹಿಣಿ, ತಿಪಟೂರು

ಉತ್ತರ: ನೀವು ಪ್ರೀತಿಯಿಂದ ಆರಿಸಿದ ತುಣುಕು ಕೇಳಲು ಹಿತವಾಗಿರುವುದರಲ್ಲಿ ಅನುಮಾನವಿಲ್ಲ, ಆದರೆ ಫೋನಿನ ಸ್ಪೀಕರಿಗಾಗಲಿ ವಯಸ್ಸಾದ ಕಿವಿಗಾಗಲಿ ಅದು ಹೊಂದುವಂಥದಲ್ಲ. 'ಒಂದು ಮನೆ' ಎಂಬ ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರ ಷಡ್ಜವು (ಅತಿ ತಗ್ಗಿನ 'ಸ' ಸ್ವರ) ಸುಮಾರು 65 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳ ವೇಗದಲ್ಲಿ ನುಡಿಯುತ್ತದೆ. ಫೋನಿನ ಅಂಚಿನಲ್ಲಿ ಅಡಗಿರುವ ಬೆರಳುಗುರಿನಷ್ಟು ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರವನ್ನು ಹೊರಡಿಸುವ ಶಕ್ತಿಯೇ ಇಲ್ಲ. ಹಾಗಾಗಿ ಆ ಗಂಭೀರ ನಾದದಲ್ಲಿ ಮೇಲಿನ ತೆಳುವಾದ ಝೇಂಕಾರವಷ್ಟೇ ಉಳಿದು, ಅದೂ ಫ್ಯಾನಿನ ಸದ್ದಿನಲ್ಲಿ ಕರಗಿಹೋಗುತ್ತದೆ. ಕೊಳಲಿನ ನಾದದಲ್ಲಿ ಮೂಲಸ್ವರದ ಪಾಲು ಹೆಚ್ಚು, ಅದರ ಮೇಲೇಳುವ ಉಪಸ್ವರಗಳು ಕಡಿಮೆ. ಅದರ ಮಾಧುರ್ಯಕ್ಕೆ ಇದೂ ಒಂದು ಕಾರಣ. ಆದರೆ ಮಿಕ್ಸಿಯೋ ಟಿವಿಯೋ ಆ ಒಂದು ಸ್ವರವನ್ನು ಮುಚ್ಚಿಬಿಟ್ಟರೆ ಕಿವಿ ಹಿಡಿದುಕೊಳ್ಳಲು ಬೇರೆ ಏನೂ ಉಳಿಯುವುದಿಲ್ಲ.

ಇನ್ನು ಕಿವಿಯ ವಿಚಾರ. ವಯಸ್ಸಾದಂತೆ ಶ್ರವಣಶಕ್ತಿ ಎಲ್ಲ ಸ್ವರಗಳಿಗೂ ಒಂದೇ ಸಮನೆ ಕುಗ್ಗುವುದಿಲ್ಲ. ಮೊದಲು ಹೋಗುವುದು ಎತ್ತರದ ಸ್ವರಗಳು. ಮಾತಿನಲ್ಲಿ ಸ, ಶ, ಫ ಮುಂತಾದ ಅಕ್ಷರಗಳು ಹಿರಿಯರಿಗೆ ಸ್ಪಷ್ಟವಾಗದಿರುವುದಕ್ಕೂ, ಹೊಸ ಫೋನುಗಳ ಗಾಜಿನ ಬಳೆಯಂತಹ ಕಿಣಿಕಿಣಿ ಸದ್ದುಗಳು ಅವರ ಗಮನಕ್ಕೆ ಬಾರದಿರುವುದಕ್ಕೂ ಕಾರಣ ಒಂದೇ. ಹೀಗೆ ತಗ್ಗಿನ ಸ್ವರ ಸ್ಪೀಕರಿನಿಂದ ಹೊರಡುವುದಿಲ್ಲ, ಎತ್ತರದ ಸ್ವರ ಕಿವಿಗೆ ತಲುಪುವುದಿಲ್ಲ. ನಡುವೆ ಉಳಿಯುವ, ಸುಮಾರು 500ರಿಂದ 2000 ಹರ್ಟ್ಜ್‌ವರೆಗಿನ ಭಾಗದಲ್ಲಿಯೇ ಹಿರಿಯರ ರಿಂಗ್‌ಟೋನನ್ನು ಹುಡುಕಬೇಕು.

ಸಂಗೀತದ ನಂಟು ಬಿಡಬಾರದೆಂದಿದ್ದರೆ ನಾದಸ್ವರವನ್ನು ಹಾಕಿ ನೋಡಿ. ದೇವಸ್ಥಾನದ ಬಯಲಿನಲ್ಲಿ, ಮದುವೆಮನೆಯ ಗದ್ದಲದಲ್ಲಿ ಕೇಳಿಸಲೆಂದೇ ಬೆಳೆದುಬಂದ ವಾದ್ಯ ಅದು. ಉಪಸ್ವರಗಳು ದಟ್ಟವಾಗಿರುವುದರಿಂದ ಒಂದು ಭಾಗ ಮುಚ್ಚಿಹೋದರೂ ಇನ್ನೊಂದು ಭಾಗ ಕಿವಿಗೆ ಸಿಗುತ್ತದೆ. ಹಾರ್ಮೋನಿಯಂ ಕೂಡ ಆಗಬಹುದು. ಎಡೆಬಿಡದೆ ಹರಿಯುವ ನಾದಕ್ಕಿಂತ, ಹೊಡೆದು ನಿಂತು ಮತ್ತೆ ಹೊಡೆಯುವ ಸದ್ದು ಬೇಗ ಗಮನ ಸೆಳೆಯುತ್ತದೆ ಎಂಬುದನ್ನೂ ನೆನಪಿನಲ್ಲಿಡಿ. ಹಳೆಯ ಕೀಪ್ಯಾಡ್ ಫೋನು ಹಿತ್ತಿಲಿಗೂ ಕೇಳಿಸುತ್ತಿದ್ದುದು ಅದು ಬಡಿದು ಬಡಿದು ಕರೆಯುತ್ತಿದ್ದ ರೀತಿಯಿಂದ.

ಬಹಳ ಮಂದಿ ಗಮನಿಸದ ಸಂಗತಿ ಇನ್ನೊಂದಿದೆ. ಕರೆಯನ್ನು ಯಾರೂ ಎತ್ತಿಕೊಳ್ಳದಿದ್ದರೆ ಮೊಬೈಲ್ 30 ಸೆಕೆಂಡು, ಸ್ಥಿರ ದೂರವಾಣಿ 60 ಸೆಕೆಂಡು ರಿಂಗಾಗಬೇಕೆಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2019ರ ನವೆಂಬರ್‌ನಲ್ಲಿ ನಿಗದಿಪಡಿಸಿತು. ನಿಮ್ಮ ಮಾವನವರಿಗೆ ಸಿಗುವುದು ಆ 30 ಸೆಕೆಂಡುಗಳು ಮಾತ್ರ. ಅದರಲ್ಲಿ ಮೊದಲ ಹತ್ತು ಹನ್ನೆರಡು ಸೆಕೆಂಡು ಶ್ರುತಿಗೇ ಹೋದರೆ, ಸದ್ದು ಕೇಳಿ, ಕುರ್ಚಿಯಿಂದ ಎದ್ದು, ಕನ್ನಡಕ ಹಾಕಿಕೊಂಡು ಫೋನಿನ ಬಳಿ ಬರುವಷ್ಟರಲ್ಲಿ ಕರೆ ಕಡಿದಿರುತ್ತದೆ. ಯಾವ ತುಣುಕನ್ನೇ ಹಾಕಿ, ಪೀಠಿಕೆಯನ್ನು ಕತ್ತರಿಸಿ, ಮೊದಲ ಸೆಕೆಂಡಿನಲ್ಲಿಯೇ ಪೂರ್ಣ ದನಿಯಲ್ಲಿ ಶುರುವಾಗುವಂತೆ ಮಾಡಿ. ಫೋನನ್ನು ದಪ್ಪ ಪೌಚಿನಲ್ಲಿ, ಹಾಸಿಗೆಯ ಮೇಲೆ ಇಡಬೇಡಿ. ವೈಬ್ರೇಷನ್ ಚಾಲೂ ಇಟ್ಟು ಬರಿಯ ಮರದ ಮೇಜಿನ ಮೇಲಿಟ್ಟರೆ ಮೇಜೂ ಕೂಡಿ ಸದ್ದು ಮಾಡುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ, ಕರೆ ಬಂದಾಗ ಕ್ಯಾಮೆರಾದ ದೀಪ ಮಿನುಗುವ ಸೌಲಭ್ಯವೂ ಹಲವು ಫೋನುಗಳಲ್ಲಿದೆ.

ಇಷ್ಟಾದರೂ ಕರೆಗಳು ತಪ್ಪುತ್ತಿದ್ದರೆ ತಪ್ಪನ್ನು ರಿಂಗ್‌ಟೋನಿನ ಮೇಲೆ ಹೊರಿಸದೆ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಹತ್ತಿರದಲ್ಲಿ ಕಿವಿ, ಮೂಗು, ಗಂಟಲು ತಜ್ಞರೂ ಸಿಗುತ್ತಾರೆ. ಕಿವಿ ಮಂದವಾದುದನ್ನು ಮನೆಯವರು ವಯಸ್ಸಿನ ಸಹಜ ಮರೆವೆಂದು ತಿಳಿದು ಸುಮ್ಮನಾಗುವುದು ನಮ್ಮಲ್ಲಿ ತೀರಾ ಸಾಮಾನ್ಯವಾಗಿದೆ, ಹಾಗಾಗಬಾರದು.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಒಂದೇ ಕಂಪನಿಯ ಫೋನು ಇರುವವರು ಹದಿನೈದು ಮಂದಿ. ಯಾರೂ ಕಂಪನಿ ಕೊಟ್ಟ ರಿಂಗ್‌ಟೋನನ್ನು ಬದಲಿಸಿಲ್ಲ. ಒಂದು ಫೋನು ರಿಂಗಾದರೆ ಎಲ್ಲರೂ ಜೇಬು ಮುಟ್ಟಿಕೊಳ್ಳುತ್ತಾರೆ. ರಿಂಗ್‌ಟೋನ್ ಬದಲಿಸುವುದು ಹುಡುಗಾಟವೆಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು? ಹಳೆಯ ನೋಕಿಯಾ ರಿಂಗ್‌ಟೋನ್ ಯಾರ ಸಂಗೀತ ಎಂಬುದನ್ನೂ ತಿಳಿಸಿ.
— ಲೆಕ್ಕಪತ್ರ ಸಹಾಯಕ, ಹುಬ್ಬಳ್ಳಿ

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ನೋಡೋಣ. ಸ್ಪೇನಿನ ಗಿಟಾರ್ ವಾದಕ ಫ್ರಾನ್ಸಿಸ್ಕೊ ತಾರೆಗಾ 1902ರಲ್ಲಿ ರಚಿಸಿದ 'ಗ್ರಾನ್ ವಾಲ್ಸ್' ಎಂಬ ಗಿಟಾರ್ ಕೃತಿಯ ನಡುವಿನ ಒಂದು ಸಣ್ಣ ತುಣುಕು ಅದು. 1994ರ ನೋಕಿಯಾ 2110 ಫೋನಿನೊಂದಿಗೆ ರಿಂಗ್‌ಟೋನ್ ಆಗಿ ಬಂದು ಜಗತ್ತಿನ ಮೂಲೆಮೂಲೆಗೂ ಹರಡಿತು. ಅದೇ ಕಂಪನಿಯ ಫೋನುಗಳಲ್ಲಿ ಮೆಸೇಜ್ ಬಂದಾಗ ಮೂರು ಗಿಡ್ಡ, ಎರಡು ಉದ್ದ, ಮತ್ತೆ ಮೂರು ಗಿಡ್ಡ ಸದ್ದು ಬರುತ್ತಿದ್ದುದು ನಿಮ್ಮ ಹಿರಿಯ ಸಹೋದ್ಯೋಗಿಗೆ ನೆನಪಿರಬಹುದು. ಅದು ತಂತಿ ಕಚೇರಿಯ ಮೋರ್ಸ್ ಸಂಕೇತದಲ್ಲಿ 'ಎಸ್ ಎಮ್ ಎಸ್' ಎಂಬ ಮೂರು ಅಕ್ಷರಗಳು.

ರಿಂಗ್‌ಟೋನ್ ಬದಲಿಸುವುದು ಹುಡುಗಾಟವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ನಮ್ಮದೇ ರಿಂಗ್‌ಟೋನನ್ನು ಮಿದುಳು ಬೇರೆಯವರ ರಿಂಗ್‌ಟೋನಿಗಿಂತ ಭಿನ್ನವಾಗಿ ಗುರುತಿಸುತ್ತದೆಂದು, ಅದೂ ನಾವು ಬೇಕೆಂದು ಕಿವಿಗೊಡದಿದ್ದಾಗಲೂ ಹಾಗಾಗುತ್ತದೆಂದು, ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಸಂತೆಯ ಗದ್ದಲದಲ್ಲಿ ಯಾರೋ ನಮ್ಮ ಹೆಸರು ಹಿಡಿದು ಕರೆದರೆ ತಟ್ಟನೆ ತಿರುಗುವ ಹಾಗೆ ಇದು. ಹದಿನೈದು ಮಂದಿಗೂ ಒಂದೇ ಹೆಸರಿಟ್ಟು ಕರೆದರೆ ಹದಿನೈದು ಮಂದಿಯೂ ತಿರುಗಲೇಬೇಕು. ಅದರಲ್ಲಿ ಹದಿನಾಲ್ಕು ಮಂದಿಯ ಕೆಲಸ ಕೆಡುವುದು ವ್ಯರ್ಥವಾಗಿ. ಹಾಡೇ ಬೇಕೆಂದಿಲ್ಲ. ಫೋನಿನಲ್ಲಿಯೇ ಇರುವ ಹತ್ತಾರು ಸದ್ದುಗಳಲ್ಲಿ ಪಕ್ಕದ ಮೇಜಿನವರಲ್ಲಿ ಇಲ್ಲದ ಒಂದನ್ನು ಆರಿಸಿಕೊಂಡರೂ ಸಾಕು.

ಪ್ರಶ್ನೆ: ನನ್ನ ಮೆಚ್ಚಿನ ಭಾವಗೀತೆಯೊಂದರ ಪಲ್ಲವಿಯನ್ನು ಹಲವು ವರ್ಷ ರಿಂಗ್‌ಟೋನ್ ಆಗಿಯೂ ಬೆಳಗಿನ ಅಲಾರಂ ಆಗಿಯೂ ಇಟ್ಟುಕೊಂಡಿದ್ದೆ. ಈಗ ಅದು ಆಕಾಶವಾಣಿಯಲ್ಲಿ ಬಂದರೂ ಎದೆ ಧಸಕ್ಕೆನ್ನುತ್ತದೆ, ಹಾಡನ್ನು ಆನಂದಿಸಲಾಗುತ್ತಿಲ್ಲ.
— ನಿವೃತ್ತ ಶಿಕ್ಷಕಿ, ಸಾಗರ

ಪ್ರಶ್ನೆ: ತೀರಿಕೊಂಡ ನಮ್ಮ ಅಜ್ಜಿ ಹಾಡಿದ ಲಾಲಿಹಾಡು ನನ್ನ ಫೋನಿನಲ್ಲಿದೆ. ಅದನ್ನೇ ರಿಂಗ್‌ಟೋನ್ ಮಾಡಿಕೊಂಡರೆ ದಿನವೂ ಅವರ ದನಿ ಕೇಳಬಹುದಲ್ಲವೇ?
— ಓದುಗ, ಮಸ್ಕತ್

ಉತ್ತರ: ಎರಡೂ ಪತ್ರಗಳನ್ನು ಒಟ್ಟಿಗೆ ಇಟ್ಟಿರುವುದಕ್ಕೆ ಕಾರಣವಿದೆ. ಸಾಗರದ ಶಿಕ್ಷಕಿಯವರಿಗೆ ಆಗಿರುವುದೇ ನಾಳೆ ಮಸ್ಕತ್ತಿನ ಓದುಗರಿಗೂ ಆಗಬಹುದು.

ರಿಂಗ್‌ಟೋನ್ ನಾವು ಕೇಳಿಸಿಕೊಳ್ಳುವ ಸಂಗೀತವಲ್ಲ, ಕೈಯಲ್ಲಿರುವ ಕೆಲಸ ಬಿಟ್ಟು ಏಳಿ ಎಂಬ ಅಪ್ಪಣೆ. ಗಂಟೆಯ ಸದ್ದಿನೊಡನೆ ಆಹಾರ ಕೊಟ್ಟು ಕೊಟ್ಟು, ಕೊನೆಗೆ ಬರಿಯ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೋವ್ ತೋರಿಸಿಕೊಟ್ಟ ಸಂಗತಿ ಶಾಲೆಯ ಪಾಠಗಳಲ್ಲಿ ಬಂದಿರುತ್ತದೆ. ಇಲ್ಲಿಯೂ ನಡೆದಿರುವುದು ಅದೇ. ಪಲ್ಲವಿಯ ಮೊದಲ ಸ್ವರಗಳ ಹಿಂದೆಯೇ ವರ್ಷಗಟ್ಟಲೆ ನಿದ್ದೆ ಕೆಡುವುದು, ಒಲೆಯ ಮೇಲಿನ ಹಾಲು ಬಿಟ್ಟು ಓಡುವುದು, ಕೆಲವೊಮ್ಮೆ ಕೆಟ್ಟ ಸುದ್ದಿ ಇವೆಲ್ಲ ಬಂದಿವೆ. ದೇಹ ಆ ಸ್ವರಗಳನ್ನು ತುರ್ತಿನ ಸೂಚನೆಯೆಂದು ಕಲಿತುಬಿಟ್ಟಿದೆ, ಆಕಾಶವಾಣಿಯಿಂದ ಬಂತೋ ಫೋನಿನಿಂದ ಬಂತೋ ಎಂದು ಕೇಳುತ್ತ ಕೂರುವುದಿಲ್ಲ. ಇನ್ನೂ ಒಂದು ಹಾನಿಯೆಂದರೆ, ರಿಂಗ್‌ಟೋನ್ ಆದ ಹಾಡು ಎಂದೂ ಪೂರ್ತಿಯಾಗುವುದಿಲ್ಲ. ಪಲ್ಲವಿಯ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕರೆ ಎತ್ತಿಕೊಂಡಿರುತ್ತೇವೆ. ಕವಿಯೂ ಗಾಯಕರೂ ಕೂಡಿ ಕಟ್ಟಿದ ಭಾವ ಚರಣದವರೆಗೆ ಹೋಗುವುದೇ ಇಲ್ಲ.

ಕಲಿತದ್ದನ್ನು ಮರೆಸಲು ಸಾಧ್ಯವಿದೆ. ಶಿಕ್ಷಕಿಯವರು ಆ ಹಾಡನ್ನು ಇಂದೇ ಫೋನಿನಿಂದ ತೆಗೆದು, ಯಾವ ಅರ್ಥವೂ ಅಂಟಿಕೊಂಡಿರದ ಸದ್ದೊಂದನ್ನು ರಿಂಗ್‌ಟೋನ್ ಆಗಿ ಇಡಲಿ. ಕೆಲವು ತಿಂಗಳು ಕಳೆದ ಮೇಲೆ, ಬಿಡುವಿನ ಸಂಜೆಗಳಲ್ಲಿ ಹಾಡನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳಲಿ. ಸದ್ದು ಬಂದಾಗಲೂ ಏಳಬೇಕಾಗಿಲ್ಲ ಎಂಬುದು ಪದೇಪದೇ ಅನುಭವಕ್ಕೆ ಬಂದರೆ ಎದೆಯ ಧಸಕ್ಕು ನಿಧಾನವಾಗಿ ಇಳಿಯುತ್ತದೆ.

ಅಲಾರಂ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಬಡಿದೆಬ್ಬಿಸುವ ಬೀಪ್ ಸದ್ದಿಗಿಂತ ರಾಗವಿರುವ ಅಲಾರಂ ಕೇಳಿ ಎದ್ದವರಲ್ಲಿ ಎದ್ದ ನಂತರದ ಮಂಪರು ಕಡಿಮೆಯೆಂದು ಆಸ್ಟ್ರೇಲಿಯಾದ ಮೆಲ್ಬರ್ನಿನ ಆರ್‌ಎಮ್‌ಐಟಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ವರದಿ ಮಾಡಿದ್ದಾರೆ. ಅದು ಕೆಲವೇ ಮಂದಿ ತಮ್ಮ ಅನುಭವವನ್ನು ತಾವೇ ಹೇಳಿಕೊಂಡ ಅಧ್ಯಯನವಾದ್ದರಿಂದ ಕೊನೆಯ ಮಾತೆಂದು ಹಿಡಿಯಬೇಕಾಗಿಲ್ಲ, ಆದರೆ ಪ್ರಯತ್ನಿಸಿ ನೋಡಲು ಅಡ್ಡಿಯಿಲ್ಲ. ರಾಗವಿರುವುದನ್ನೇ ಇಡಿ, ಪ್ರಾಣಕ್ಕೆ ಹತ್ತಿರವಾದುದನ್ನು ಮಾತ್ರ ಇಡಬೇಡಿ.

ಮಸ್ಕತ್ತಿನ ಓದುಗರೇ, ಅಜ್ಜಿಯ ದನಿ ಸಾಲದ ಆಮಿಷವೊಡ್ಡುವವರ ಕರೆಗೂ, ತಪ್ಪು ನಂಬರಿನ ಕರೆಗೂ ಹಾಡುವಂತಾಗಬೇಕೆ? ಮೊದಲು ಆ ಧ್ವನಿಮುದ್ರಣದ ಪ್ರತಿಗಳನ್ನು ಬೇರೆ ಎರಡು ಕಡೆ ಜೋಪಾನವಾಗಿಡಿ, ಏಕೆಂದರೆ ಫೋನು ಕೆಟ್ಟರೆ ಅದೂ ಹೋಗುತ್ತದೆ. ಆ ದನಿ ಕರೆಯೊಂದಿಗೆ ಬರಲೇಬೇಕೆಂಬ ಆಸೆಯಿದ್ದರೆ ಅಜ್ಜಿಯನ್ನು ಬಲ್ಲ ಒಬ್ಬರ, ನಿಮ್ಮ ತಾಯಿಯವರದೋ ಅಕ್ಕನದೋ ನಂಬರಿಗೆ ಮಾತ್ರ ಅದನ್ನು ಹೊಂದಿಸಿ. ಫೋನಿನ ಸಂಪರ್ಕ ಪಟ್ಟಿಯಲ್ಲಿ ಅವರ ಹೆಸರನ್ನು ತೆರೆದು, ತಿದ್ದುವ ಆಯ್ಕೆಗೆ ಹೋದರೆ ಆ ಒಬ್ಬರಿಗೆಂದೇ ರಿಂಗ್‌ಟೋನ್ ಆರಿಸಲು ಬರುತ್ತದೆ.

ಪ್ರಶ್ನೆ: ಊರಿನಲ್ಲಿ ಅಮ್ಮ ಒಬ್ಬರೇ ಇರುವುದರಿಂದ ರಾತ್ರಿ ಫೋನನ್ನು ಸೈಲೆಂಟ್ ಮಾಡಲು ಹೆದರಿಕೆ. ಸೈಲೆಂಟ್ ಮಾಡದಿದ್ದರೆ ವಾಟ್ಸ್ಆ್ಯಪ್ ಗುಂಪುಗಳು, ಬ್ಯಾಂಕಿನ ಮೆಸೇಜುಗಳು, ರಿಯಾಯಿತಿ ಮಾರಾಟದ ಸೂಚನೆಗಳು ನಿದ್ದೆ ಕೊಡುವುದಿಲ್ಲ. ಎಲ್ಲಕ್ಕೂ ಒಂದೇ 'ಟಿಂಗ್'.
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಸೈಲೆಂಟ್ ಬದಲು 'ಡು ನಾಟ್ ಡಿಸ್ಟರ್ಬ್' ಬಳಸಿ. ಆಂಡ್ರಾಯ್ಡ್ ಫೋನಿನಲ್ಲಿ ಅಮ್ಮನ ಹೆಸರಿಗೆ ನಕ್ಷತ್ರದ ಗುರುತು ಹಾಕಿ, ನಕ್ಷತ್ರವಿರುವ ಸಂಪರ್ಕಗಳ ಕರೆಗೆ ಮಾತ್ರ ಅನುಮತಿ ಕೊಡಿ. ಐಫೋನಿನಲ್ಲಿ ಅಮ್ಮನ ಹೆಸರನ್ನು ತೆರೆದು ರಿಂಗ್‌ಟೋನ್ ವಿಭಾಗದಲ್ಲಿರುವ 'ಎಮರ್ಜೆನ್ಸಿ ಬೈಪಾಸ್' ಚಾಲೂ ಮಾಡಿದರೆ, ಫೋನು ಸೈಲೆಂಟಿನಲ್ಲಿದ್ದರೂ ಅವರ ಕರೆ ಸದ್ದು ಮಾಡುತ್ತದೆ. ಅಮ್ಮನಿಗೇನಾದರೂ ಆದರೆ ಕರೆ ಮಾಡುವವರು ಪಕ್ಕದ ಮನೆಯವರು ತಾನೇ? ಅವರ ನಂಬರನ್ನೂ ಸೇರಿಸಲು ಮರೆಯಬೇಡಿ. ಅದೇ ನಂಬರಿನಿಂದ ಸ್ವಲ್ಪ ಹೊತ್ತಿನಲ್ಲಿಯೇ ಎರಡನೆಯ ಕರೆ ಬಂದರೆ ರಿಂಗಾಗಲು ಬಿಡುವ ಏರ್ಪಾಡು ಎರಡೂ ಬಗೆಯ ಫೋನುಗಳಲ್ಲಿದೆ. ಆಂಡ್ರಾಯ್ಡಿನಲ್ಲಿ ಆ ಅವಧಿ 15 ನಿಮಿಷ, ಐಫೋನಿನಲ್ಲಿ 3 ನಿಮಿಷ. ಈ ವಿಷಯವನ್ನು ನೆರೆಯವರಿಗೂ ಹೇಳಿ, ತುರ್ತಿದ್ದರೆ ಒಂದಾದ ಮೇಲೊಂದು ಎರಡು ಸಲ ಕರೆ ಮಾಡುವಂತೆ ಕೇಳಿಕೊಳ್ಳಿ.

ಹಗಲಿನ 'ಟಿಂಗ್' ಕೂಡ ಸಣ್ಣ ವಿಷಯವಲ್ಲ. ಫೋನನ್ನು ಮುಟ್ಟದೆ, ನೋಟಿಫಿಕೇಶನ್ ಬಂತೆಂದು ತಿಳಿದ ಮಾತ್ರಕ್ಕೇ ಕೆಲಸದ ಮೇಲಿನ ಗಮನ ಕೆಡುತ್ತದೆಂದು ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಲೆಕ್ಕ ತಪ್ಪಬಾರದ ಉದ್ಯೋಗದಲ್ಲಿರುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. 2017ರ ಆಂಡ್ರಾಯ್ಡ್ 8ರಿಂದ ಈಚೆಗೆ ಒಂದೇ ಆ್ಯಪಿನ ಬೇರೆ ಬೇರೆ ಬಗೆಯ ಸೂಚನೆಗಳಿಗೆ ಬೇರೆ ಬೇರೆ ಸದ್ದು ಇಡಬಹುದು ಅಥವಾ ಸದ್ದನ್ನೇ ತೆಗೆಯಬಹುದು. ಬ್ಯಾಂಕಿನ ಮೆಸೇಜಿಗೆ ಒಂದು, ಮನೆಯವರ ಮೆಸೇಜಿಗೆ ಒಂದು ಸದ್ದಿರಲಿ. ಗುಂಪುಗಳನ್ನೂ ಮಾರಾಟದ ಆ್ಯಪುಗಳನ್ನೂ ಪೂರ್ತಿ ಮೌನವಾಗಿಸಿ, ಅವುಗಳಲ್ಲಿ ಬಂದುದನ್ನು ನಿಮಗೆ ಬಿಡುವಾದಾಗ ನೋಡಿದರೆ ಏನೂ ನಷ್ಟವಿಲ್ಲ.

ಪ್ರಶ್ನೆ: ಶಿಕ್ಷಕರಿಗೆ ಕೇಳಿಸದ, ಮಕ್ಕಳಿಗೆ ಮಾತ್ರ ಕೇಳಿಸುವ ರಿಂಗ್‌ಟೋನ್ ಇದೆಯಂತೆ. ನಿಜವೇ?
— ಪ್ರೌಢಶಾಲಾ ಶಿಕ್ಷಕ, ಬೆಳಗಾವಿ

ಉತ್ತರ: ನಿಜ. ಅಂಗಡಿಯ ಮುಂದೆ ಗುಂಪುಗೂಡುವ ಹುಡುಗರನ್ನು ಚದುರಿಸಲು ವೇಲ್ಸ್‌ನ ಹೊವಾರ್ಡ್ ಸ್ಟೇಪಲ್ಟನ್ ಎಂಬವರು 2005ರಲ್ಲಿ ಸುಮಾರು 17 ಕಿಲೋಹರ್ಟ್ಜ್‌ನ ಕೀಚು ಸದ್ದಿನ ಸಾಧನವನ್ನು ತಯಾರಿಸಿದರು. ಎಳೆಯ ಕಿವಿಗೆ ಅದು ಅಸಹನೀಯ, ನಡುವಯಸ್ಸು ದಾಟಿದವರಿಗೆ ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ಮರುವರ್ಷವೇ ಮಕ್ಕಳು ಅದನ್ನು ರಿಂಗ್‌ಟೋನ್ ಮಾಡಿಕೊಂಡು ತರಗತಿಗೆ ಒಯ್ದರು. ತರಗತಿಯಲ್ಲಿ ಹಲವು ಮಕ್ಕಳು ಒಮ್ಮೆಲೇ ಒಂದೇ ಕಡೆ ತಿರುಗಿದರೆ ಅಲ್ಲೊಂದು ಫೋನಿದೆಯೇ ಎಂದು ವಿಚಾರಿಸಬಹುದು.

ಪ್ರಶ್ನೆ: ಸಂಗೀತ ಕಛೇರಿಗಳಲ್ಲಿ ಎಷ್ಟು ಸಲ ಪ್ರಕಟಣೆ ಮಾಡಿದರೂ ತನಿ ಆವರ್ತನದ (ತಾಳವಾದ್ಯದವರ ಸ್ವತಂತ್ರ ವಾದನದ) ಹೊತ್ತಿಗೆ, ಇಲ್ಲವೇ ವಿಳಂಬದ ಶ್ಲೋಕದ ನಡುವೆ ಒಂದಾದರೂ ಫೋನು ರಿಂಗಾಗುತ್ತದೆ. 'ಸೈಲೆಂಟ್ ಮಾಡಿದ್ದೆ' ಎಂದೇ ಎಲ್ಲರೂ ಹೇಳುತ್ತಾರೆ.
— ಸಂಗೀತ ಸಭೆಯ ಕಾರ್ಯಕರ್ತೆ, ಮೈಸೂರು

ಉತ್ತರ: ಅವರು ಹೇಳುವುದು ಸುಳ್ಳಾಗಿರಬೇಕಿಲ್ಲ. 2012ರ ಜನವರಿಯಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವಾದ್ಯವೃಂದವು ಆಸ್ಟ್ರಿಯಾದ ಸಂಗೀತ ರಚನಕಾರ ಮಾಹ್ಲರ್‌ನ ಒಂಬತ್ತನೆಯ ಸಿಂಫನಿಯ ಕೊನೆಯ, ಅತಿ ಮೆಲುದನಿಯ ಭಾಗವನ್ನು ನುಡಿಸುತ್ತಿದ್ದಾಗ ಮುಂದಿನ ಸಾಲಿನಿಂದ ಐಫೋನಿನ 'ಮರಿಂಬಾ' ಎಂಬ ಸದ್ದು ನಿಲ್ಲದೆ ಮೊಳಗಿತು. ಸಂಚಾಲಕ ಅಲನ್ ಗಿಲ್ಬರ್ಟ್ ನುಡಿಸಾಣಿಕೆಯನ್ನೇ ನಿಲ್ಲಿಸಬೇಕಾಯಿತು. ಆ ಶ್ರೋತೃ ಫೋನನ್ನು ಸೈಲೆಂಟ್ ಮಾಡಿಯೇ ಕುಳಿತಿದ್ದರು, ಮೊಳಗಿದ್ದು ಅಲಾರಂ ಎಂದು ಆಮೇಲೆ ತಿಳಿಯಿತು. ಸೈಲೆಂಟ್ ಮಾಡಿದರೂ ಅಲಾರಂ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದ್ದರಿಂದ ನಿಮ್ಮ ಪ್ರಕಟಣೆಯಲ್ಲಿ 'ಸೈಲೆಂಟ್ ಮಾಡಿ' ಎನ್ನುವ ಬದಲು 'ಸ್ವಿಚ್ ಆಫ್ ಮಾಡಿ' ಎಂದು ಹೇಳಿಸಿ, ಸಂಜೆಯ ಔಷಧಕ್ಕೆ ಅಲಾರಂ ಇಟ್ಟುಕೊಂಡಿರುವ ಹಿರಿಯರಿಗೆ ಅದನ್ನು ತೆಗೆಯುವಂತೆ ಪ್ರತ್ಯೇಕವಾಗಿ ನೆನಪಿಸಿ. ಮರದ ಕುರ್ಚಿಗೆ ತಗುಲಿದ ಫೋನಿನ ವೈಬ್ರೇಷನ್ ಕೂಡ ಎರಡು ಸಾಲು ಆಚೆಗೆ ಕೇಳಿಸುತ್ತದೆ.

ಪ್ರಶ್ನೆ: ನಾನು ಕೇಳದೆಯೇ ನನ್ನ ನಂಬರಿಗೆ ಕಾಲರ್ ಟ್ಯೂನ್ ಹಾಕಿ ತಿಂಗಳು ತಿಂಗಳು ಹಣ ಕಡಿತ ಮಾಡುತ್ತಿದ್ದಾರೆ. ನನ್ನ ಫೋನಿನಲ್ಲಿ ಎಷ್ಟು ಹುಡುಕಿದರೂ ಆ ಹಾಡು ಸಿಗುತ್ತಿಲ್ಲ.
— ಕಿರಾಣಿ ವ್ಯಾಪಾರಿ, ಕಲಬುರಗಿ

ಉತ್ತರ: ಕಾಲರ್ ಟ್ಯೂನ್ ನಿಮ್ಮ ಫೋನಿನಲ್ಲಿ ಇರುವುದಿಲ್ಲ. ಅದು ಕಂಪನಿಯ ಜಾಲದಲ್ಲಿರುತ್ತದೆ, ನಿಮಗೆ ಕರೆ ಮಾಡಿದವರಿಗೆ ಕೇಳಿಸುತ್ತದೆ. ಇಂಥ ಸೇವೆಗಳನ್ನು ಗ್ರಾಹಕರ ಎರಡು ಬಾರಿಯ ಒಪ್ಪಿಗೆಯಿಲ್ಲದೆ ಆರಂಭಿಸಬಾರದೆಂದು ಟ್ರಾಯ್ 2013ರಲ್ಲಿ ನಿರ್ದೇಶಿಸಿದೆ. ಅವನ್ನು ನಿಲ್ಲಿಸಲು ಎಲ್ಲ ಕಂಪನಿಗಳಿಗೂ 155223 ಎಂಬ ಒಂದೇ ಉಚಿತ ಸಂಖ್ಯೆಯನ್ನು ಗೊತ್ತುಪಡಿಸಿದೆ. ಆ ಸಂಖ್ಯೆಗೆ ಕರೆ ಮಾಡಿ ಸೇವೆಯನ್ನು ನಿಲ್ಲಿಸಿ, ನಿಲ್ಲಿಸಿದ ಬಗ್ಗೆ ಬರುವ ಮೆಸೇಜನ್ನು ಅಳಿಸದೆ ಇಟ್ಟುಕೊಳ್ಳಿ. ಕಡಿತವಾದ ಹಣ ವಾಪಸು ಬೇಕೆಂದು ನಿಮ್ಮ ಕಂಪನಿಯ ದೂರು ಕೇಂದ್ರದಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಆ ಸಂಖ್ಯೆಯೊಂದಿಗೆ ಅರ್ಜಿ ಸಲ್ಲಿಸಬಹುದು. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ನೇರವಾಗಿ ವಿಚಾರಿಸುವುದಿಲ್ಲವಾದ್ದರಿಂದ ಮೊದಲೇ ಅಲ್ಲಿಗೆ ಬರೆದು ದಿನ ಕಳೆಯಬೇಡಿ.